ಸೈಕಲ್ ಪಂದ್ಯದ ಕೊನೆಯ ಇನ್ನೂರು ಮೀಟರು

2020ನೆಯ ಇಸವಿ ಆಗಸ್ಟ್ 5ರಂದು, ಪೋಲೆಂಡ್ ದೇಶವನ್ನು ಸುತ್ತುವ ಸೈಕಲ್ ಪಂದ್ಯದ ಮೊದಲನೆಯ ದಿನದ ಓಟವು ಕಾಟೊವಿತ್ಸೆ ನಗರದಲ್ಲಿ ಮುಗಿಯುವುದರಲ್ಲಿತ್ತು. ಗುರಿಗೆರೆಯ ಕಡೆಗೆ ರಸ್ತೆಯು ಇಳಿಜಾರಾಗಿತ್ತು. ಸವಾರರ ವೇಗವು ಗಂಟೆಗೆ 80 ಕಿಲೋಮೀಟರನ್ನು ಮುಟ್ಟಿತ್ತು. ಹಾಲೆಂಡಿನ ಡೈಲನ್ ಗ್ರೂನೆವೇಗನ್ ಎಲ್ಲರಿಗಿಂತ ಮುಂದಿದ್ದನು. ಆತನಿಗೂ ರಸ್ತೆಯಂಚಿನ ತಡೆಬೇಲಿಗೂ ನಡುವಣ ಕಿರಿದಾದ ಎಡೆಯಲ್ಲಿ ಅದೇ ದೇಶದ ಫಾಬಿಯೋ ಯಾಕೋಬ್‌ಸೆನ್ ಮುನ್ನುಗ್ಗಿ ಬಂದನು. ಗ್ರೂನೆವೇಗನ್ ಬೇಲಿಯ ಕಡೆಗೆ ಸರಿದನು, ಎಡೆಯು ಮುಚ್ಚಿಹೋಯಿತು. ಯಾಕೋಬ್‌ಸೆನ್ ಬೇಲಿಯ ಮೇಲೆ ಅಪ್ಪಳಿಸಿದನು, ಬೇಲಿಯೇ ಚದರಿಹೋಯಿತು. ಆತನ ಹಲ್ಲುಗಳು ಮುರಿದುವು, ದವಡೆ ಜಖಂಗೊಂಡಿತು, ಮುಖಕ್ಕೆ ಸುಮಾರು 130 ಹೊಲಿಗೆಗಳನ್ನು ಹಾಕಬೇಕಾಯಿತು. ವೈದ್ಯರು ಎರಡು ದಿನ ಆತನನ್ನು ಔಷಧಿಯ ಬಲದಿಂದ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿಟ್ಟು ಜೀವ ಉಳಿಸಿದರು.

ತಪ್ಪು ಯಾರದು? ಎದುರಾಳಿಯ ದಾರಿಗೆ ಅಡ್ಡಬಂದವನದೆಂದು ಯಾರಾದರೂ ಹೇಳಿಯಾರು. ಆದರೆ ತೀರ್ಪು ಕೊಡುವ ಮೊದಲು ಆ ಕೆಲವು ಸೆಕೆಂಡುಗಳಲ್ಲಿ ಯಾವ ಯಾವ ಬಲಗಳು ಕೆಲಸಮಾಡುತ್ತಿದ್ದುವೆಂಬುದನ್ನು ನಾವು ವಿಚಾರಮಾಡಬೇಕು.

ವೇಗವಾಗಿ ಸಾಗುವ ಸೈಕಲ್ ಸವಾರನಿಗೆ ಮುಖ್ಯ ಶತ್ರುವೆಂದರೆ ಗಾಳಿ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ನುರಿತ ಸವಾರನು ಕೊನೆಯ ಹತ್ತು ಹದಿನೈದು ಸೆಕೆಂಡುಗಳಲ್ಲಿ ಸುಮಾರು 1500 ವಾಟ್, ಎಂದರೆ ಎರಡು ಅಶ್ವಶಕ್ತಿಯಷ್ಟು ಸಾಮರ್ಥ್ಯವನ್ನು ಹೊರಗೆಡಹಬಲ್ಲನು. ಅದಕ್ಕಿಂತ ಹೆಚ್ಚು ಹೊತ್ತು ಆತನಿಂದಾಗದು. ಆದುದರಿಂದ ಅಲ್ಲಿಯವರೆಗೂ ಮತ್ತೊಬ್ಬನ ಬೆನ್ನ ಹಿಂದೆ ಗಾಳಿಯ ಮರೆಯಲ್ಲಿ ಸಾಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತಾನೆ. ಈ ಮರೆಯಲ್ಲಿ ಮೂರನೆಯ ಒಂದು ಪಾಲಿನಷ್ಟು ಶ್ರಮವು ಉಳಿಯುವುದುಂಟು. ಮುಂದಿನವನ ಹಿಂಗಾಲಿಗೂ ಹಿಂದಿನವನ ಮುಂಗಾಲಿಗೂ ನಡುವೆ ಒಂದೆರಡು ಗೇಣು ಮಾತ್ರ ಅಂತರವಿರುವುದು ಈ ಕಾರಣದಿಂದಲೇ. ಹೀಗೆ ಅಪಾಯವು ಕೆಲವರ ದುಡುಕಿನಿಂದ ಮಾತ್ರ ಹುಟ್ಟುವುದಲ್ಲ. ಗೆಲ್ಲುವ ಉಪಾಯದೊಳಗೇ ಅದು ಸೇರಿಕೊಂಡಿದೆ.

ಇನ್ನು ಸ್ವಲ್ಪ ಲೆಕ್ಕಹಾಕೋಣ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರಿಗೂ ತುಸು ಹೆಚ್ಚು. ಕಣ್ಣು ಕಂಡುದಕ್ಕೆ ಕೈ ಪ್ರತಿಕ್ರಿಯೆ ತೋರಿಸಲು ಕಾಲು ಸೆಕೆಂಡು ಬೇಕೆಂದಿಟ್ಟುಕೊಂಡರೆ, ಅಷ್ಟರಲ್ಲಿ ಸವಾರನು ಐದೂವರೆ ಮೀಟರು, ಎಂದರೆ ಸುಮಾರು ಮೂರು ಸೈಕಲ್ಲುಗಳ ಉದ್ದ, ಮುಂದೆ ಹೋಗಿರುತ್ತಾನೆ. ಮುಂದಿನವನು ನೇರದಿಂದ ಕೇವಲ 3 ಡಿಗ್ರಿಯಷ್ಟು ವಾಲಿ ಸಾಗಿದನೆನ್ನಿ. ಒಂದು ಸೆಕೆಂಡಿನಲ್ಲಿ ಆತನು ಮಗ್ಗುಲಿಗೆ ಒಂದು ಮೀಟರಿಗಿಂತ ಹೆಚ್ಚು ಸರಿದಿರುತ್ತಾನೆ. ಸೈಕಲ್ಲಿನ ಹಿಡಿಯ ಅಗಲ ಸುಮಾರು 40 ಸೆಂಟಿಮೀಟರು. ಬೇಲಿಯ ಪಕ್ಕದಲ್ಲಿರುವವನಿಗೆ ದಾರಿಯೇ ಇಲ್ಲದಂತಾಗಲು ಇಷ್ಟು ಸಾಕು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ನಿಯಮವೊಂದರಂತೆ, ಕೊನೆಯ ಓಟವನ್ನು ಆರಂಭಿಸಿದ ಸವಾರನು ತಾನು ಆರಿಸಿಕೊಂಡ ಸಾಲನ್ನು ಬಿಟ್ಟು ಸರಿದು ಇತರರಿಗೆ ಅಡ್ಡಿಯನ್ನಾಗಲಿ ಅಪಾಯವನ್ನಾಗಲಿ ಉಂಟುಮಾಡಕೂಡದು. ಈ ನಿಯಮದ ತಳದಲ್ಲಿರುವುದು ಮೇಲಿನ ಲೆಕ್ಕವೇ.

ಬಿದ್ದವನ ಗತಿಯೇನು? ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದೆಂದು ನಮ್ಮ ವಿದ್ಯಾರ್ಥಿಗಳು ಬಲ್ಲರು. ಗಂಟೆಗೆ 20 ಕಿಲೋಮೀಟರ್ ವೇಗದ ಸವಾರನಲ್ಲಿರುವ ಶಕ್ತಿಯು ಸುಮಾರು 1.6 ಮೀಟರ್, ಎಂದರೆ ಆಳೆತ್ತರದಿಂದ ಬಿದ್ದವನ ಶಕ್ತಿಗೆ ಸಮ. ವೇಗವು 80 ಕಿಲೋಮೀಟರಿಗೇರಿದರೆ ಶಕ್ತಿಯು ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. ಅದು 25 ಮೀಟರ್ ಎತ್ತರದಿಂದ, ಎಂದರೆ ಎಂಟು ಅಂತಸ್ತಿನ ಕಟ್ಟಡದ ಮೇಲಿನಿಂದ ಬಿದ್ದುದಕ್ಕೆ ಸಮ. ಆದರೂ ಹಲವರು ಬದುಕಿ ಉಳಿಯುವುದು ಹೇಗೆ? ನುಣುಪಾದ ನೆಲದ ಮೇಲೆ ಜಾರುತ್ತ ಹೋದರೆ ಆ ಶಕ್ತಿಯು ಬಹುದೂರದವರೆಗೆ ಸ್ವಲ್ಪ ಸ್ವಲ್ಪವಾಗಿ ವ್ಯಯವಾಗುತ್ತದೆ. ಕಂಬವೊಂದು ಅಡ್ಡಬಂದರೆ ಅಷ್ಟೂ ಶಕ್ತಿಯು ಒಂದು ಗೇಣಿನೊಳಗೆ ವ್ಯಯವಾಗಬೇಕು. ನಿಲ್ಲುವ ದೂರವು ಹತ್ತನೆಯ ಒಂದು ಪಾಲಿಗಿಳಿದರೆ ಮೈಮೇಲೆ ಬೀಳುವ ಬಲವು ಹತ್ತು ಪಟ್ಟಾಗುತ್ತದೆ.

ತಡೆಬೇಲಿಯ ಮಹತ್ವವಿರುವುದು ಇಲ್ಲಿ. ಒಳ್ಳೆಯ ಬೇಲಿಯ ಮೈ ನುಣುಪಾಗಿರಬೇಕು. ಅದರ ತುಂಡುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿರಬೇಕು. ಅದರ ಕಾಲುಗಳು ರಸ್ತೆಗೆ ಚಾಚಿರಬಾರದು. ಅಂಥ ಬೇಲಿಗೆ ತಗುಲಿದವನು ಅದರುದ್ದಕ್ಕೂ ಜಾರಿಹೋಗುತ್ತಾನೆ. 1991ರಲ್ಲಿ ಫ್ರಾನ್ಸ್ ಸುತ್ತುವ ಮಹಾಪಂದ್ಯವಾದ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ, ಪ್ಯಾರಿಸ್ ನಗರದಲ್ಲಿ, ಉಜ್ಬೇಕ್ ಸವಾರ ಅಬ್ದುಜಪರೋವ್ ತಲೆ ತಗ್ಗಿಸಿ ಧಾವಿಸುತ್ತಿದ್ದಾಗ ಚಾಚಿಕೊಂಡಿದ್ದ ಬೇಲಿಯ ಕಾಲಿಗೆ ತಗುಲಿ ಬಿದ್ದು ಕೊರಳೆಲುಬು ಮುರಿದುಕೊಂಡನು. ಆತನನ್ನು ಯಾರೂ ತಳ್ಳಿರಲಿಲ್ಲ.

ಶಿಕ್ಷೆಯ ವಿಷಯಕ್ಕೆ ಬರೋಣ. 2017ರಲ್ಲಿ ಅದೇ ಮಹಾಪಂದ್ಯದ ನಾಲ್ಕನೆಯ ದಿನ, ವಿತ್ತೆಲ್ ಊರಿನಲ್ಲಿ, ಮಾರ್ಕ್ ಕ್ಯಾವೆಂಡಿಷ್ ಬಿದ್ದು ಹೆಗಲಿನ ಎಲುಬು ಮುರಿಯಿತು. ಅಂದಿನ ವಿಶ್ವವಿಜೇತ ಪೀಟರ್ ಸಗಾನ್ ಮೊಣಕೈ ಚಾಚಿದನೆಂದು ತೀರ್ಪುಗಾರರು ಅದೇ ದಿನ ಆತನನ್ನು ಪಂದ್ಯದಿಂದ ಹೊರಹಾಕಿದರು. ಡಿಸೆಂಬರಿನಲ್ಲಿ ಒಕ್ಕೂಟವು, ಅದು ಉದ್ದೇಶವಿಲ್ಲದೆ ನಡೆದ ದುರದೃಷ್ಟಕರ ಘಟನೆಯೆಂದು ಒಪ್ಪಿಕೊಂಡಿತು. ಆದರೆ ಕಳೆದುಹೋದ ಪಂದ್ಯವನ್ನು ಹಿಂದಕ್ಕೆ ಕೊಡಲು ಯಾರಿಗೂ ಸಾಧ್ಯವಿರಲಿಲ್ಲ. ಕಾಟೊವಿತ್ಸೆಯಲ್ಲಾದರೋ ತಪ್ಪು ಸ್ಪಷ್ಟವಾಗಿತ್ತು. ಗ್ರೂನೆವೇಗನ್‌ನನ್ನು ಅನರ್ಹಗೊಳಿಸಿ, ಗೆಲುವನ್ನು ಆಸ್ಪತ್ರೆಯಲ್ಲಿದ್ದ ಯಾಕೋಬ್‌ಸೆನ್‌ಗೆ ಕೊಡಲಾಯಿತು. ಒಕ್ಕೂಟವು 2021ರ ಮೇ 7ರವರೆಗೆ, ಎಂದರೆ ಒಂಬತ್ತು ತಿಂಗಳ ಕಾಲ, ಆತನಿಗೆ ನಿಷೇಧ ವಿಧಿಸಿತು. ಆತನಿಗೆ ಕೊಲೆಬೆದರಿಕೆಗಳೂ ಬಂದುವು.

ಈ ಶಿಕ್ಷೆ ಅನ್ಯಾಯವೆಂದು ನಾವು ಹೇಳುವುದಿಲ್ಲ. ಆದರೆ ಇಂಥದೇ ಸರಿದಾಟವು ಸಮತಟ್ಟಾದ ಅಗಲ ರಸ್ತೆಯಲ್ಲಿ ನಡೆದಿದ್ದರೆ ಫಲಿತಾಂಶದ ಪಟ್ಟಿಯಲ್ಲಿ ಕೆಳಕ್ಕಿಳಿಸುವುದರಲ್ಲೇ ಮುಗಿದುಹೋಗುವುದು ವಾಡಿಕೆ. ತಪ್ಪು ಅದೇ, ಪರಿಣಾಮ ಮಾತ್ರ ಬೇರೆ. ಆ ಪರಿಣಾಮವನ್ನು ನಿರ್ಣಯಿಸಿದ ಇಳಿಜಾರನ್ನೂ ಬೇಲಿಯನ್ನೂ ಆರಿಸಿದವರು ಸವಾರರಲ್ಲ. ಇಷ್ಟಕ್ಕೂ ಆ ಇಳಿಜಾರು ಅಪಾಯಕರವೆಂದು ಸವಾರರೇ ದೂರುತ್ತಿದ್ದರು. ಶಿಕ್ಷೆಯ ಭಯವು ಮನಸ್ಸನ್ನು ತಿದ್ದೀತು. ಕಾಲು ಸೆಕೆಂಡಿನ ಪ್ರತಿಕ್ರಿಯೆಯನ್ನು ಅದು ತಿದ್ದಲಾರದು.

ಸಂತೋಷದ ಸಂಗತಿಯೆಂದರೆ, ಈಚಿನ ನಿಯಮಗಳು ಎರಡು ದಿಕ್ಕಿನಲ್ಲೂ ನಡೆದಿವೆ. 2025ರಿಂದ ಅಪಾಯಕರ ವರ್ತನೆಗೆ ಹಳದಿ ಚೀಟಿಯ ಪದ್ಧತಿ ಜಾರಿಗೆ ಬಂದಿದೆ. ಒಂದೇ ಪಂದ್ಯದಲ್ಲಿ ಎರಡು ಚೀಟಿ ಪಡೆದವನು ಹೊರಬಿದ್ದು ಏಳು ದಿನ ಸ್ಪರ್ಧಿಸುವಂತಿಲ್ಲ. ಮೂವತ್ತು ದಿನಗಳಲ್ಲಿ ಮೂರಾದರೆ ಹದಿನಾಲ್ಕು ದಿನಗಳ ನಿಷೇಧ. ಯಾರಿಗೂ ಪೆಟ್ಟಾಗದಿದ್ದರೂ ತಪ್ಪನ್ನು ಲೆಕ್ಕಕ್ಕೆ ಹಿಡಿಯುವುದೇ ಇದರ ಗುಣ. ಸಮತಟ್ಟಾದ ಹಾದಿಯ ಕೊನೆಯ 3 ಕಿಲೋಮೀಟರಿನೊಳಗೆ ಬಿದ್ದವನಿಗೆ ಗುಂಪಿನ ಸಮಯವನ್ನೇ ಕೊಡುವ ಹಳೆಯ ನಿಯಮವನ್ನು ಕೆಲವು ದಿನಗಳ ಓಟದಲ್ಲಿ 5 ಕಿಲೋಮೀಟರಿನವರೆಗೆ ವಿಸ್ತರಿಸಲು ಅವಕಾಶವಾಗಿದೆ. ಒಟ್ಟು ಸಮಯಕ್ಕಾಗಿ ಹೋರಾಡುವವರು ಕೊನೆಯ ನೂಕಾಟದಲ್ಲಿ ಸೇರದೆ ಹಿಂದುಳಿಯಲು ಇದು ಅನುಕೂಲ.

ಯಾಕೋಬ್‌ಸೆನ್ 2021ರ ಏಪ್ರಿಲ್‌ನಲ್ಲಿ ಮತ್ತೆ ಪಂದ್ಯಕ್ಕೆ ಬಂದನು. 2022ರ ಜುಲೈ 2ರಂದು, ಡೆನ್ಮಾರ್ಕಿನ ನ್ಯುಬೋರ್ಗ್ ಊರಿನಲ್ಲಿ, ಟೂರ್ ದ ಫ್ರಾನ್ಸ್‌ನ ಎರಡನೆಯ ದಿನದ ಓಟವನ್ನು ಗೆದ್ದನು. ಮರುದಿನದ ಓಟವನ್ನು ಗೆದ್ದವನು ಗ್ರೂನೆವೇಗನ್. ಇಬ್ಬರೂ ಮತ್ತೆ ಒಂದೇ ರಸ್ತೆಯಲ್ಲಿ ಧಾವಿಸುವಂತಾದುದು ವೈದ್ಯರ ಜಾಣ್ಮೆಯಿಂದ, ಇಬ್ಬರ ಧೈರ್ಯದಿಂದ, ಅದೃಷ್ಟದಿಂದ. ಮುಂದಿನವರನ್ನು ಅದೃಷ್ಟದ ಕೈಗೆ ಒಪ್ಪಿಸದಿರುವುದು ರಸ್ತೆಯನ್ನು ಆರಿಸಿ ಬೇಲಿಯನ್ನು ಕಟ್ಟುವವರ ಹೊಣೆ.