ಟಪಾಲು ದಾರಿಯ ಟ್ಯಾವರ್ನ್‌ಗಳು

ಊರೂರಿಗೆ ಕಾರು ತಲುಪಿಸಿದ ಹೆನ್ರಿ ಫೋರ್ಡ್, ಹಳೆಯದೊಂದು ಟ್ಯಾವರ್ನಿನ ನೆಮ್ಮದಿಗಾಗಿ ಹೆದ್ದಾರಿಯನ್ನೇ ಪಕ್ಕಕ್ಕೆ ಸರಿಸಿದ. ಅಮೆರಿಕದ ಬಾಸ್ಟನ್ ಬಳಿಯ ಸಡ್‌ಬರಿಯಲ್ಲಿರುವ ‘ವೇಸೈಡ್ ಇನ್’ ಅನ್ನು ಅವನು ಕೊಂಡದ್ದು 1923ರಲ್ಲಿ. ಬಾಗಿಲ ಮುಂದೆಯೇ ಹಾದುಹೋಗುವ ಮೋಟಾರುಗಳ ಗದ್ದಲ ಅವನಿಗೆ ಹಿಡಿಸಲಿಲ್ಲ, ಬಳಸುದಾರಿ ಮಾಡಿಸಿಬಿಟ್ಟ. ಇಂದಿಗೂ 20ನೇ ನಂಬರಿನ ಹೆದ್ದಾರಿಯಿಂದ ಹೊರಳಿ, ಮರಗಳ ನಡುವಿನ ಹಳೆಯ ರಸ್ತೆ ಹಿಡಿದರೆ ಮಾತ್ರ ಆ ಕೆಂಪು ಮನೆ ಕಾಣುತ್ತದೆ.

ವಿಚಿತ್ರವೆಂದರೆ, ಆ ಮನೆಗೆ ಅನ್ನ ಕೊಟ್ಟದ್ದೇ ಆ ರಸ್ತೆ. 1673ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಮೊದಲ ಟಪಾಲು ಸವಾರ ಹೊರಟ. ಕಾಡು, ಹೊಳೆ, ಹಿಮ ದಾಟಿ ಊರು ಸೇರಲು ಅವನಿಗೆ ಸುಮಾರು ಎರಡು ವಾರ ಹಿಡಿಯಿತು. ಮುಂದೆ ಅದೇ ಜಾಡುಗಳು ‘ಬಾಸ್ಟನ್ ಪೋಸ್ಟ್ ರೋಡ್’ ಆದವು. ಸವಾರನಿಗೆ ಊಟ, ಕುದುರೆಗೆ ಹುಲ್ಲು, ಇಬ್ಬರಿಗೂ ರಾತ್ರಿ ತಂಗಲು ಜಾಗ ಬೇಕಿತ್ತು. ಊರಿಗೊಂದು ತಂಗುಮನೆ ಇರಲೇಬೇಕು, ಇಲ್ಲದ ಊರಿಗೆ ದಂಡ ಎಂದು ಮ್ಯಾಸಚೂಸೆಟ್ಸ್ ಆಡಳಿತ 1656ರಲ್ಲೇ ಕಟ್ಟಳೆ ಮಾಡಿತ್ತು. ಕುಡಿತವನ್ನು ಬೈಯುತ್ತಿದ್ದ ಮಡಿವಂತ ಪ್ಯೂರಿಟನ್ನರ ನಾಡಿನಲ್ಲಿ ಹೆಂಡದ ಮನೆ ಇಲ್ಲದಿರುವುದೇ ಅಪರಾಧ!

ನಮ್ಮೂರಿನ ಮಬ್ಬುದೀಪದ ‘ಬಾರ್ ಅಂಡ್ ರೆಸ್ಟೋರೆಂಟ್’ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇಲ್ಲಿ ಗಲಿಬಿಲಿಯಾಗುತ್ತದೆ. ಕಾಗದ ಬರುತ್ತಿದ್ದದ್ದು, ಪತ್ರಿಕೆ ಗಟ್ಟಿಯಾಗಿ ಓದುತ್ತಿದ್ದದ್ದು, ಹರಾಜು ಕೂಗುತ್ತಿದ್ದದ್ದು ಎಲ್ಲ ಟ್ಯಾವರ್ನಿನಲ್ಲೇ. ಚಳಿಗಾಲದ ಇಷ್ಟದ ಪಾನೀಯ ‘ಫ್ಲಿಪ್’. ಬಿಯರಿಗೆ ರಮ್ ಮತ್ತು ಸಿಹಿ ಬೆರೆಸಿ, ಒಲೆಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ಸರಳನ್ನು ಅದರೊಳಗೆ ಅದ್ದುತ್ತಿದ್ದರು. ಸಾರಿಗೆ ಒಗ್ಗರಣೆ ಬಿದ್ದಂತೆ ಚುಂಯ್ ಎಂದು ನೊರೆ ಉಕ್ಕುತ್ತಿತ್ತು. (ಸ್ಟೀರಿಂಗ್ ಹಿಡಿದವರಿಗೆ ಇವತ್ತು ಸೇಬಿನ ರಸವೇ ಗತಿ.)

ಆದರೆ ಆ ರಮ್ಮಿನ ಹಿನ್ನೆಲೆ ಅಷ್ಟು ಬೆಚ್ಚಗಿನದಲ್ಲ. ಅದು ರೋಡ್ ಐಲೆಂಡಿನ ನ್ಯೂಪೋರ್ಟ್ ಬಂದರಿನಲ್ಲಿ ಎದುರಾಗುತ್ತದೆ. ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಕಾಕಂಬಿ ಇಲ್ಲಿಗೆ ಬಂದು ರಮ್ ಆಗುತ್ತಿತ್ತು. ಆ ರಮ್ ಹೊತ್ತ ಹಡಗುಗಳು ಆಫ್ರಿಕಕ್ಕೆ ಹೋಗಿ ಮನುಷ್ಯರನ್ನೇ ಕೊಂಡು ತರುತ್ತಿದ್ದವು. ಇದೇ ಊರಿನ ‘ವೈಟ್ ಹಾರ್ಸ್ ಟ್ಯಾವರ್ನ್’ ತಾನೇ ದೇಶದ ಅತಿ ಹಳೆಯದು, 1673ರದು ಎನ್ನುತ್ತದೆ. ವಸಾಹತಿನ ಶಾಸನಸಭೆ, ನ್ಯಾಯಾಲಯ ಎರಡೂ ಇಲ್ಲಿ ಸೇರಿದ್ದುಂಟು. ಲೈಸೆನ್ಸ್ ಪಡೆದ ವಿಲಿಯಂ ಮೇಯ್ಸ್‌ನ ಮಗ ಕಡಲ್ಗಳ್ಳ. ದೋಚಿ ಮರಳಿದವನು ಅಪ್ಪನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತನಂತೆ. ಮುಂದೊಂದು ಕಾಲಕ್ಕೆ ಈ ಮನೆ ಬಾಡಿಗೆ ಕೋಣೆಗಳಾಗಿ ಸೊರಗಿ, 1950ರ ದಶಕದಲ್ಲಿ ಸ್ಥಳೀಯ ಸಂರಕ್ಷಣಾ ಸಂಸ್ಥೆಯ ಕೈಗೆ ಬಂದು ಉಳಿಯಿತು. ಕಡಲ್ಗಳ್ಳನ ಕತೆ ಎಲ್ಲರ ಬಾಯಲ್ಲೂ ಇದೆ. ಅದಕ್ಕಿಂತ ದೊಡ್ಡ ಲೂಟಿಯ ಕತೆಯನ್ನು ಮಾತ್ರ ನಾವೇ ಕೆದಕಬೇಕು.

‘ಅತಿ ಹಳೆಯದು’ ಎಂಬ ಹಲಗೆ ಈ ದಾರಿಯುದ್ದಕ್ಕೂ ಸಿಗುತ್ತದೆ. ಅದನ್ನು ತುಸು ಅನುಮಾನದಿಂದಲೇ ಓದಬೇಕು. ಬ್ರಿಟಿಷರ ವಿರುದ್ಧ ಎದ್ದ ಬಾಸ್ಟನ್ನಿನ ಬಂಡಾಯಗಾರರು ಸೇರುತ್ತಿದ್ದ ‘ಗ್ರೀನ್ ಡ್ರ್ಯಾಗನ್’ ಹತ್ತೊಂಬತ್ತನೇ ಶತಮಾನದಲ್ಲೇ ನೆಲಸಮವಾಯಿತು. ಈಗಿರುವುದು ಅದರ ಹೆಸರು ಹೊತ್ತ ಹೊಸ ಬಾರು. ವೇಸೈಡ್ ಇನ್ ಕೂಡ 1955ರ ಡಿಸೆಂಬರಿನಲ್ಲಿ ಬೆಂಕಿಗೆ ಸಿಕ್ಕಿತ್ತು. ಹೋ ಮನೆತನ 1716ರಲ್ಲಿ ಶುರುಮಾಡಿದ ಅದಕ್ಕೆ ಈಗಿನ ಹೆಸರು ತಂದುಕೊಟ್ಟದ್ದು ಕವಿ ಲಾಂಗ್‌ಫೆಲೋ 1863ರಲ್ಲಿ ಪ್ರಕಟಿಸಿದ ಕಥನಕಾವ್ಯ. ಚಾರ್ಲ್ಸ್‌ಟೌನಿನ ‘ವಾರೆನ್ ಟ್ಯಾವರ್ನ್’ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಂಡಿತು. 1775ರ ಬಂಕರ್ ಹಿಲ್ ಕಾಳಗದಲ್ಲಿ ಬ್ರಿಟಿಷರು ಊರನ್ನೇ ಸುಟ್ಟರು. ಅದೇ ಕಾಳಗದಲ್ಲಿ ಬಂಡಾಯಗಾರರ ಮುಂದಾಳು ಡಾ. ಜೋಸೆಫ್ ವಾರೆನ್ ಮಡಿದ. ಬೂದಿಯಾದ ಊರು ಮತ್ತೆ ಎದ್ದಾಗ, 1780ರಲ್ಲಿ, ಮೊದಮೊದಲು ನಿಂತ ಕಟ್ಟಡಗಳಲ್ಲಿ ಅವನ ಹೆಸರಿನ ಈ ಟ್ಯಾವರ್ನೂ ಒಂದು. ತಗ್ಗು ಚಾವಣಿ, ಇಕ್ಕಟ್ಟು ಮೇಜು, ಕಿವಿಗಡಚಿಕ್ಕುವ ಮಾತು. ಇಲ್ಲಿ ಚರಿತ್ರೆಗೆಂದು ಬಂದವರಿಗಿಂತ ಸಂಜೆಯ ಬಿಯರಿಗೆ ಬಂದವರೇ ಜಾಸ್ತಿ.

ದಾರಿಯ ಇನ್ನೊಂದು ತುದಿ, ನ್ಯೂಯಾರ್ಕಿನ ಪರ್ಲ್ ಬೀದಿಯ ‘ಫ್ರಾನ್ಸಸ್ ಟ್ಯಾವರ್ನ್’. 1719ರಲ್ಲಿ ವಾಸದ ಮನೆಯಾಗಿ ಕಟ್ಟಿದ್ದನ್ನು ಸ್ಯಾಮ್ಯುಯೆಲ್ ಫ್ರಾನ್ಸಸ್ 1762ರಲ್ಲಿ ಕೊಂಡು ಟ್ಯಾವರ್ನ್ ಮಾಡಿದ. 1783ರ ಡಿಸೆಂಬರ್ 4ರಂದು ಜಾರ್ಜ್ ವಾಷಿಂಗ್ಟನ್ ತನ್ನ ಅಧಿಕಾರಿಗಳನ್ನು ಬೀಳ್ಕೊಟ್ಟದ್ದು ಇಲ್ಲಿನ ಮಹಡಿಯಲ್ಲಿ. ಬೆಂಕಿ, ರಿಪೇರಿಗಳಲ್ಲಿ ಮೂಲರೂಪ ಕಳೆದುಕೊಂಡ ಕಟ್ಟಡವನ್ನು 1907ರ ಹೊತ್ತಿಗೆ ಬಹುಪಾಲು ಊಹೆಯ ಮೇಲೆಯೇ ಮತ್ತೆ ಕಟ್ಟಿದರು. 1975ರ ಜನವರಿಯಲ್ಲಿ ಪೋರ್ಟೊರಿಕೊ ಬಂಡುಕೋರರ ಬಾಂಬಿಗೆ ಇಲ್ಲಿ ನಾಲ್ವರು ಸತ್ತರು. ಮಹಡಿಯ ಮ್ಯೂಸಿಯಮ್ಮಿಗೆ ಬಂದವರೆಲ್ಲ ವಾಷಿಂಗ್ಟನ್ ಕಣ್ಣೀರಿಟ್ಟ ಕೋಣೆಯನ್ನೇ ಕೇಳುತ್ತಾರೆ. ನನಗೆ ರುಚಿಸಿದ್ದು ಆಮೇಲಿನ ಸಂಗತಿ. ಹೊಸ ದೇಶಕ್ಕೆ ಸ್ವಂತ ಕಚೇರಿ ಇರಲಿಲ್ಲ. 1785ರಿಂದ 1788ರವರೆಗೆ ವಿದೇಶಾಂಗ, ಹಣಕಾಸು, ಯುದ್ಧ ಇಲಾಖೆಗಳು ಈ ಟ್ಯಾವರ್ನಿನ ಕೋಣೆಗಳಲ್ಲೇ ಬಾಡಿಗೆಗಿದ್ದವು.