ಪೆಟ್ಟಿಗೆ ನಮ್ಮದು, ಆಟ ಯಾರದು? – ಮನೆಯ ಆರ್ಕೇಡ್ ಯಂತ್ರ ಮತ್ತು ಮೈಸೂರಿನ ಕಿರು ಉದ್ದಿಮೆ

ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳು ಒಂದು ಕಾಲದಲ್ಲಿ ಪಾರ್ಲರುಗಳ ಸೊತ್ತಾಗಿದ್ದವು. ಅವುಗಳ ಮುಂದೆ ಸರದಿ ನಿಂತ ಹುಡುಗರು ಇಂದು ನಲವತ್ತು, ಐವತ್ತು ದಾಟಿದ ಗೃಹಸ್ಥರು. ಸ್ವಂತ ಮನೆಯಿದೆ, ವೆಚ್ಚ ಮಾಡುವ ಶಕ್ತಿಯಿದೆ. ಅಂತಹುದೇ ಯಂತ್ರವೊಂದನ್ನು ಮನೆಯ ಹಜಾರದಲ್ಲಿ ನಿಲ್ಲಿಸಿಕೊಳ್ಳುವ ಹವ್ಯಾಸ ಲೋಕದ ಹಲವೆಡೆ ಬೆಳೆದಿದೆ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ವ್ಯಾಪಾರಿಗೆ ತಕ್ಕುದಲ್ಲ. ಇಂತಹ ಒಂದು ಯಂತ್ರಕ್ಕೆ ಬಡಗಿ, ಪಾಲಿಶ್ ಮಾಡುವವರು, ವೈರಿಂಗ್ ಬಲ್ಲವರು, ಗಣಕಯಂತ್ರ ಬಲ್ಲ ತರುಣರು ಎಲ್ಲರೂ ಬೇಕು. ಬೀಟೆಮರದ ಇನ್ಲೇ ಕೆಲಸಕ್ಕೆ ಹೆಸರಾದ, ಹಲವು ಇಂಜಿನಿಯರಿಂಗ್ ಕಾಲೇಜುಗಳಿರುವ ನಮ್ಮ ಮೈಸೂರಿನಲ್ಲಿ ಇವರೆಲ್ಲ ಕೆಲವೇ ಕಿಲೋಮೀಟರುಗಳ ಅಂತರದಲ್ಲಿದ್ದಾರೆ.

ಆದರೆ ಈ ಕೆಲಸದಲ್ಲಿ ಒಂದು ಅಪಾಯವೂ ಅಡಗಿದೆ. ಪೆಟ್ಟಿಗೆ ಮಾಡಿಸುವ ಗ್ರಾಹಕರು ಸಾಮಾನ್ಯವಾಗಿ ಕೇಳುವ ಕೊನೆಯ ಮಾತು, "ಆಟಗಳನ್ನೂ ನೀವೇ ತುಂಬಿಸಿಕೊಡಿ" ಎಂಬುದು. ಆ ಒಂದು ಮಾತಿಗೆ ಒಪ್ಪಿದ ಬಡಗಿಯು ಪೀಠೋಪಕರಣ ತಯಾರಕನ ಸ್ಥಾನದಿಂದ ಕ್ರಿಮಿನಲ್ ಪ್ರಕರಣವೊಂದರ ಆಪಾದಿತನ ಸ್ಥಾನಕ್ಕೆ ಜಾರಬಹುದು. ಆದ್ದರಿಂದ ಯಂತ್ರದ ರಚನೆ, ಕಾನೂನು ಮತ್ತು ತೆರಿಗೆ ಈ ಮೂರನ್ನೂ ಒಟ್ಟಿಗೆ ಪರಿಶೀಲಿಸುವುದು ಅವಶ್ಯ.

ಯಂತ್ರದ ಹಿನ್ನೆಲೆ

ಜಪಾನಿನ ಟೈಟೋ ಕಂಪನಿಯ ಸ್ಪೇಸ್ ಇನ್ವೇಡರ್ಸ್ 1978ರಲ್ಲಿ, ನಾಮ್ಕೋ ಕಂಪನಿಯ ಪ್ಯಾಕ್-ಮ್ಯಾನ್ 1980ರಲ್ಲಿ, ಕ್ಯಾಪ್ಕಾಮ್‌ನ ಸ್ಟ್ರೀಟ್ ಫೈಟರ್ 2 ಆಟ 1991ರಲ್ಲಿ ಹೊರಬಂದವು. ಪ್ರತಿ ಆಟಕ್ಕೂ ಅದರದೇ ಆದ ಸರ್ಕ್ಯೂಟ್ ಬೋರ್ಡ್ ಇರುತ್ತಿತ್ತು. ಬೋರ್ಡುಗಳು ಕೆಟ್ಟಂತೆಲ್ಲ ಆಟಗಳೂ ಕಣ್ಮರೆಯಾಗತೊಡಗಿದವು. ಹಳೆಯ ಬೋರ್ಡಿನ ವರ್ತನೆಯನ್ನು ಹೊಸ ಗಣಕದಲ್ಲಿ ಯಥಾವತ್ತಾಗಿ ಅನುಕರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಹೊರತಂದ 'ಮೇಮ್' ಇವುಗಳಲ್ಲಿ ಪ್ರಸಿದ್ಧವಾದುದು. 2012ರಲ್ಲಿ ಅಂಗೈ ಅಗಲದ ರಾಸ್ಪ್‌ಬೆರಿ ಪೈ ಗಣಕ 35 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಮೇಲೆ ಮನೆಯಲ್ಲಿಯೇ ಯಂತ್ರ ಕಟ್ಟುವುದು ಸುಲಭಸಾಧ್ಯವಾಯಿತು.

ಇಲ್ಲಿ ಒಂದು ಭೇದವನ್ನು ನೆನಪಿಡಬೇಕು. ಎಮ್ಯುಲೇಟರ್ ಬೇರೆ, ಆಟ ಬೇರೆ. ಹಳೆಯ ಬೋರ್ಡಿನ ಚಿಪ್ಪಿನಿಂದ ತೆಗೆದ ಆಟದ ಪ್ರತಿಗೆ ರೋಮ್ ಫೈಲು ಎನ್ನುತ್ತಾರೆ. ಮೊದಲನೆಯದು ಟೇಪ್ ರೆಕಾರ್ಡರ್ ಇದ್ದಂತೆ, ಎರಡನೆಯದು ಅದರೊಳಗಿನ ಹಾಡಿದ್ದಂತೆ.

ಕಾರ್ಯಾಗಾರದಲ್ಲಿ ಗಮನಿಸಬೇಕಾದ ಅಂಶಗಳು

ನಿಂತು ಆಡುವ ಪೂರ್ಣ ಗಾತ್ರದ ಯಂತ್ರವು ಸುಮಾರು ಐದೂವರೆಯಿಂದ ಆರು ಅಡಿ ಎತ್ತರವಿರುತ್ತದೆ. 8 ಅಡಿಗೆ 4 ಅಡಿಯ, 18 ಮಿ.ಮೀ. ದಪ್ಪದ ಪ್ಲೈವುಡ್ ಎರಡರಿಂದ ಮೂರು ಹಾಳೆ ಬೇಕಾಗುತ್ತದೆ. ಮೇಜಿನ ಮೇಲಿಡುವ ಚಿಕ್ಕ ಮಾದರಿಗೆ ಒಂದು ಹಾಳೆ ಸಾಕು. ಕೊಡಗು, ವಯನಾಡಿನಂತಹ ಮಳೆಯ ಊರುಗಳ ಗ್ರಾಹಕರಿದ್ದರೆ ಎಂ.ಡಿ.ಎಫ್. ಹಲಗೆಗಿಂತ ನೀರು ತಡೆಯುವ ದರ್ಜೆಯ ಪ್ಲೈವುಡ್ ಲೇಸು. ತೇವ ಹೀರಿ ಊದಿಕೊಂಡ ಹಲಗೆ ಮತ್ತೆ ಮೊದಲಿನಂತಾಗುವುದಿಲ್ಲ.

ಗುಂಡಿಗಳಲ್ಲಿ ಜಪಾನ್ ಮಾದರಿಗೆ 30 ಮಿ.ಮೀ. ರಂಧ್ರ, ಅಮೆರಿಕದ ಮಾದರಿಗೆ ಸುಮಾರು 28 ಮಿ.ಮೀ. ರಂಧ್ರ ಕೊರೆಯಬೇಕು. ಒತ್ತಿದರೆ ಕೂರುವ ಗುಂಡಿಗಳು ತೆಳುವಾದ ಲೋಹದ ಫಲಕಕ್ಕೆ ಹೊಂದುತ್ತವೆ. ದಪ್ಪ ಹಲಗೆಗೆ ತಿರುಪಿನ ಗುಂಡಿಗಳೇ ಬೇಕು. ಇದನ್ನು ತಿಳಿಯದೆ ಸಾಮಗ್ರಿ ತರಿಸಿದರೆ ಹಣ ವ್ಯರ್ಥ. ಪ್ಯಾಕ್-ಮ್ಯಾನ್‌ನಂತಹ ಆಟಕ್ಕೆ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್, ಸ್ಟ್ರೀಟ್ ಫೈಟರ್ 2ಕ್ಕೆ ಎಂಟು ದಿಕ್ಕಿನ ಜಾಯ್‌ಸ್ಟಿಕ್ ಮತ್ತು ಆರು ಗುಂಡಿ ಬೇಕೆಂಬುದನ್ನು ಗ್ರಾಹಕರಿಂದ ಮೊದಲೇ ಕೇಳಿ ತಿಳಿಯಬೇಕು. ಹಳೆಯ ಆಟಗಳು ಅಗಲ ಪರದೆಗೆ ರೂಪಿಸಿದವುಗಳಲ್ಲ. ಆದ್ದರಿಂದ ಕಚೇರಿಗಳಿಂದ ವಿಲೇವಾರಿಯಾಗುವ 19 ಅಂಗುಲದ, ಚೌಕಕ್ಕೆ ಹತ್ತಿರವಾದ ಎಲ್.ಸಿ.ಡಿ. ಪರದೆ ಹೊಸ ಅಗಲ ಪರದೆಗಿಂತ ಚೆನ್ನಾಗಿ ಒಪ್ಪುತ್ತದೆ. ಬಿಸಿಗಾಳಿ ಹೊರಹೋಗಲು ಹಿಂಬದಿಯಲ್ಲಿ ಕಿಂಡಿ, ವಿದ್ಯುತ್ ಪ್ರವೇಶದಲ್ಲಿ ಫ್ಯೂಸ್, ಲೋಹದ ಭಾಗಗಳಿಗೆಲ್ಲ ಅರ್ಥಿಂಗ್ ಇವು ಕಡ್ಡಾಯವೆಂದೇ ಭಾವಿಸತಕ್ಕದ್ದು. ಹಳೆಯ ಪಿಕ್ಚರ್ ಟ್ಯೂಬ್ ಬಳಸುವುದಾದರೆ, ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬಲ್ಲವರಲ್ಲದೆ ಬೇರೆಯವರು ಮುಟ್ಟಬಾರದು.

ಮೈಸೂರಿನ ನಿಜವಾದ ಲಾಭ ಪಕ್ಕದ ಹಲಗೆಗಳಲ್ಲಿದೆ. ಬೇರೆಡೆ ಇಲ್ಲಿ ಪ್ರಸಿದ್ಧ ಆಟಗಳ ಚಿತ್ರಗಳನ್ನು ಸ್ಟಿಕ್ಕರ್ ಮಾಡಿ ಅಂಟಿಸುತ್ತಾರೆ. ಆ ಚಿತ್ರಗಳಿಗೂ ಒಡೆಯರಿದ್ದಾರೆ. ಅದರ ಬದಲು ನಮ್ಮ ಇನ್ಲೇ ಕುಶಲಕರ್ಮಿಗಳಿಂದ ಬೀಟೆಮರದ ಫಲಕ ಮಾಡಿಸಬಹುದಲ್ಲವೇ? ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟುವ ಬಂಧಗಳನ್ನು ರಚಿಸಿದವರು. ಅಂತಹ ಬಂಧವೊಂದನ್ನು ಹಲಗೆಯ ಮೇಲೆ ಕೂರಿಸಿದರೆ ಯಾರ ಅನುಮತಿಯೂ ಬೇಕಿಲ್ಲ. ಯಂತ್ರಕ್ಕೆ ಊರಿನ ಮುದ್ರೆಯೂ ಬೀಳುತ್ತದೆ.

ಹಕ್ಕುಸ್ವಾಮ್ಯದ ಪ್ರಶ್ನೆ

"ಹಳೆಯ ಆಟ, ಆ ಯಂತ್ರವನ್ನು ಈಗ ಯಾರೂ ತಯಾರಿಸುತ್ತಿಲ್ಲ, ಹಾಗಾಗಿ ಅದು ಎಲ್ಲರದು" ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. ಹಕ್ಕುಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಗಣಕ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುತ್ತದೆ. ರಕ್ಷಣೆಯ ಅವಧಿ ದಶಕಗಳಷ್ಟು ದೀರ್ಘವಾದುದು. ಸ್ಪೇಸ್ ಇನ್ವೇಡರ್ಸ್ ಕೂಡ ಇನ್ನೂ ಅದರ ಒಳಗೇ ಇದೆ. ಒಡೆಯರು ಸುಮ್ಮನೆಯೂ ಕುಳಿತಿಲ್ಲ. ರೋಮ್ ಫೈಲುಗಳನ್ನು ಹಂಚುತ್ತಿದ್ದ ಲವ್‌ರೋಮ್ಸ್ ತಾಣದ ಮೇಲೆ ನಿಂಟೆಂಡೊ ಕಂಪನಿ ಅಮೆರಿಕದಲ್ಲಿ 2018ರಲ್ಲಿ ಹೂಡಿದ ದಾವೆ ಅದೇ ವರ್ಷ 1.2 ಕೋಟಿ ಡಾಲರಿಗೂ ಮೀರಿದ ಮೊತ್ತದ ತೀರ್ಪಿನಲ್ಲಿ ಮುಗಿಯಿತು.

ನಮ್ಮ ಅಧಿನಿಯಮದ 52ನೇ ಕಲಮು, ತಂತ್ರಾಂಶದ ಪ್ರತಿಯನ್ನು ನ್ಯಾಯಸಮ್ಮತವಾಗಿ ಹೊಂದಿದವರಿಗೆ ನಾಶ, ನಷ್ಟಗಳಿಂದ ರಕ್ಷಣೆಗಾಗಿ ಮರುಪ್ರತಿ ಮಾಡಿಕೊಳ್ಳಲು ಅವಕಾಶ ನೀಡುತ್ತದೆ. ಮೂಲ ಬೋರ್ಡೇ ಇಲ್ಲದವರು ಎಲ್ಲಿಂದಲೋ ಇಳಿಸಿಕೊಂಡ ಸಾವಿರಾರು ಆಟಗಳಿಗೆ ಈ ಆಶ್ರಯ ದೊರೆಯುವುದಿಲ್ಲ. 63ನೇ ಕಲಮಿನಡಿ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಕಾರಾಗೃಹವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಈ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದು, ಜಾಮೀನು ಹಕ್ಕಿನ ಮಾತಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ನಿಟ್ ಪ್ರೋ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಕಲಮು 63-ಬಿ ಅಕ್ರಮ ಪ್ರತಿಯನ್ನು ಅರಿತು ಬಳಸುವವರಿಗೂ ಅನ್ವಯಿಸುತ್ತದೆ. ಲಾಭದ ಉದ್ದೇಶವಿಲ್ಲದಿದ್ದಲ್ಲಿ ಮಾತ್ರ ನ್ಯಾಯಾಲಯವು ಕಾರಾಗೃಹವಾಸ ಬಿಟ್ಟು ದಂಡಕ್ಕೆ ಸೀಮಿತಗೊಳಿಸಬಹುದು. ಅಂದರೆ ಕಾನೂನೇ ಹವ್ಯಾಸಿಯನ್ನೂ ವ್ಯಾಪಾರಿಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ವ್ಯಾಪಾರಿಯ ತಕ್ಕಡಿ ಭಾರವಾದುದು.

ಎಮ್ಯುಲೇಟರಿನ ಪರವಾನಗಿಯನ್ನೂ ಓದಬೇಕು. ಮೇಮ್ 2016ರವರೆಗೆ ವಾಣಿಜ್ಯ ಬಳಕೆಯನ್ನು ನಿಷೇಧಿಸಿತ್ತು. ಆ ವರ್ಷ ಮುಕ್ತ ಪರವಾನಗಿಗೆ ಬದಲಾಯಿತು. ರಾಸ್ಪ್‌ಬೆರಿ ಪೈ ಬಳಸುವವರಲ್ಲಿ ಜನಪ್ರಿಯವಾದ ರೆಟ್ರೋಪೈ ಸಂಗ್ರಹದಲ್ಲಿ ವಾಣಿಜ್ಯ ಬಳಕೆಗೆ ಅನುಮತಿಯಿಲ್ಲದ ತಂತ್ರಾಂಶಗಳಿವೆ. ಅದನ್ನು ತುಂಬಿ ಯಂತ್ರ ಮಾರುವಂತಿಲ್ಲ.

ಹಾಗಾದರೆ ಗ್ರಾಹಕರು ಆಡುವುದೇನನ್ನು? ನ್ಯಾಯಮಾರ್ಗಗಳು ಸಾಕಷ್ಟಿವೆ. ಕ್ಯಾಪ್ಕಾಮ್ ತನ್ನ ಹಳೆಯ ಆಟಗಳ 'ಆರ್ಕೇಡ್ ಸ್ಟೇಡಿಯಂ' ಸಂಗ್ರಹವನ್ನು 2021ರಲ್ಲಿ, ಅಟಾರಿ ಕಂಪನಿ 'ಅಟಾರಿ 50' ಸಂಗ್ರಹವನ್ನು 2022ರಲ್ಲಿ ಹೊರತಂದಿವೆ. ಪೆಟ್ಟಿಗೆಯೊಳಗೆ ಸಾಧಾರಣ ಗಣಕವನ್ನಿಟ್ಟರೆ ಗ್ರಾಹಕರು ತಮ್ಮ ಖಾತೆಯಲ್ಲಿ ಇವನ್ನು ಕೊಂಡು ಅದೇ ಜಾಯ್‌ಸ್ಟಿಕ್ಕಿನಲ್ಲಿ ಆಡಬಹುದು. ರಾಬಿ ರೋಟೋ, ಗ್ರಿಡ್ಲೀ ಮೊದಲಾದ ಕೆಲವು ಆಟಗಳನ್ನು ಅವುಗಳ ಒಡೆಯರೇ ವಾಣಿಜ್ಯೇತರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಅವನ್ನು ಗ್ರಾಹಕರು ತಾವೇ ಇಳಿಸಿಕೊಳ್ಳಲಿ.

ಈ ವಿಷಯದಲ್ಲಿ ಮೈಸೂರಿನವರಾದ ನಮಗೆ ಬೇರೆಯವರಿಗಿಂತ ಹೆಚ್ಚಿನ ಹೊಣೆಯಿದೆ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಬೀಟೆಮರದ ಇನ್ಲೇ ಇವೆಲ್ಲ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ. ಬೇರೆಲ್ಲೋ ಅಚ್ಚು ಹಾಕಿದ ಹಾಳೆಯನ್ನು 'ಮೈಸೂರು ಇನ್ಲೇ' ಎಂದು ಮಾರಿದರೆ ನಾವು ಆಕ್ಷೇಪಿಸುತ್ತೇವೆ; ಆಕ್ಷೇಪಿಸಲೇಬೇಕು. ಪರರ ಆಟವನ್ನು ನಕಲು ಮಾಡಿ ತುಂಬಿದ ಪೆಟ್ಟಿಗೆಯ ಮೇಲೆ ನಮ್ಮ ಇನ್ಲೇ ಕೂರಿಸಿದರೆ ಆ ಆಕ್ಷೇಪಕ್ಕೆ ಬಲವಿರುವುದೇ?

ತೆರಿಗೆ ಮತ್ತು ಪರವಾನಗಿ

ಬರಿಯ ಮರದ ಪೆಟ್ಟಿಗೆ ಪೀಠೋಪಕರಣ. ಪರದೆ, ಗಣಕ, ಗುಂಡಿಗಳೊಡನೆ ಪೂರ್ಣಗೊಂಡದ್ದು ವಿಡಿಯೋ ಗೇಮ್ ಯಂತ್ರ. ವಿಡಿಯೋ ಗೇಮ್ ಕನ್ಸೋಲುಗಳ ಜಿ.ಎಸ್.ಟಿ. ದರ 2019ರ ಜನವರಿ 1ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ. ಮರದ ಪೀಠೋಪಕರಣಕ್ಕೂ ಶೇಕಡ 18. ಚದುರಂಗ, ಕೇರಂ, ಲೂಡೋ ಹಲಗೆಗಳಿಗೆ ಮಾತ್ರ 2025ರ ಸೆಪ್ಟೆಂಬರ್ 22ರಿಂದ ಶೇಕಡ 5. ಆ ರಿಯಾಯಿತಿ ವಿಡಿಯೋ ಗೇಮ್ ಯಂತ್ರಕ್ಕೆ ಸಲ್ಲುವುದಿಲ್ಲ.

ರಾಜಿ ತೆರಿಗೆ ಪದ್ಧತಿಯ ಸಾಧಕ ಬಾಧಕಗಳನ್ನು ಒಂದು ಉದಾಹರಣೆಯಿಂದ ನೋಡೋಣ. ಸಾಮಗ್ರಿ 20,000 ರೂ., ಅದರ ಮೇಲಿನ ತೆರಿಗೆ 3,600 ರೂ., ಕೂಲಿ ಮತ್ತು ಲಾಭ 20,000 ರೂ. ಎಂದಿರಲಿ. ಸಾಮಾನ್ಯ ನೋಂದಣಿಯಲ್ಲಿ ಬೆಲೆ 40,000 ರೂ., ತೆರಿಗೆ 7,200 ರೂ., ಗ್ರಾಹಕರು ತೆರುವುದು 47,200 ರೂ.; ತಯಾರಕರಿಗೆ 3,600 ರೂ. ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುತ್ತದೆ. ರಾಜಿ ಪದ್ಧತಿಯಲ್ಲಿ ಆ 3,600 ರೂ. ವೆಚ್ಚಕ್ಕೇ ಸೇರುತ್ತದೆ, ತಯಾರಕರು ತಾವೇ ಭರಿಸಬೇಕಾದ ಶೇಕಡ 1ರ ತೆರಿಗೆಯನ್ನೂ ಗಣನೆಗೆ ತಂದು ಬೆಲೆ ಸುಮಾರು 44,040 ರೂ. ಆಗುತ್ತದೆ. ಹೂಡುವಳಿ ಜಮೆ ಪಡೆಯಲಾಗದ ಗೃಹಸ್ಥ ಗ್ರಾಹಕರಿಗೆ 3,160 ರೂ. ಉಳಿತಾಯ. ಆದರೆ ಈ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಮೈಸೂರಿಗೆ ಸಮೀಪದ ವಯನಾಡು ಕೇರಳದಲ್ಲಿದೆ, ಊಟಿ ತಮಿಳುನಾಡಿನಲ್ಲಿದೆ. ಅಲ್ಲಿನ ಗ್ರಾಹಕರನ್ನು ನೆಚ್ಚಿದವರು ಸಾಮಾನ್ಯ ನೋಂದಣಿಯನ್ನೇ ಆರಿಸಬೇಕು.

ಇನ್ನೆರಡು ಎಚ್ಚರಿಕೆಗಳು. ಭಾರತೀಯ ಮಾನಕ ಬ್ಯೂರೋದಲ್ಲಿ ಕಡ್ಡಾಯ ನೋಂದಣಿ ಬೇಕಾದ ಎಲೆಕ್ಟ್ರಾನಿಕ್ ವಸ್ತುಗಳ 2012ರ ಆದೇಶದಲ್ಲಿಯೇ ವಿಡಿಯೋ ಗೇಮ್ ಸೇರಿತ್ತು. ಪೂರ್ಣ ಯಂತ್ರವನ್ನು ಮಾರುವವರು ತಮ್ಮ ಮಾದರಿ ಆ ಪರಿಧಿಗೆ ಬರುವುದೇ ಎಂದು ಬ್ಯೂರೋದಿಂದ ಲಿಖಿತವಾಗಿ ತಿಳಿದುಕೊಂಡೇ ಮುಂದುವರಿಯಬೇಕು. ಎರಡನೆಯದಾಗಿ, ಯಂತ್ರ ಮನೆಯಲ್ಲಿರುವವರೆಗೆ ಪರವಾನಗಿಯ ಪ್ರಶ್ನೆಯಿಲ್ಲ. ಅದೇ ಯಂತ್ರವನ್ನು ಉಪಾಹಾರಗೃಹದಲ್ಲಿಟ್ಟು ಹಣ ಪಡೆದು ಆಡಿಸಿದರೆ ಮಾತು ಬೇರೆ. ವಿಡಿಯೋ ಗೇಮ್ ಪಾರ್ಲರುಗಳನ್ನು ಪರವಾನಗಿಗೆ ಒಳಪಡಿಸುವ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಎತ್ತಿಹಿಡಿದದ್ದು ನಮ್ಮ ರಾಜ್ಯದ್ದೇ ಆದ ಎಂ.ಜೆ. ಶಿವಾನಿ ಪ್ರಕರಣದಲ್ಲಿ.

ಅನುಸರಿಸಬೇಕಾದ ಕ್ರಮ

ದರಪಟ್ಟಿಯಲ್ಲಿಯೂ ಬಿಲ್ಲಿನಲ್ಲಿಯೂ "ಈ ಯಂತ್ರವು ಯಾವುದೇ ಆಟವನ್ನು ಒಳಗೊಂಡಿಲ್ಲ" ಎಂದು ನಮೂದಿಸಿ. ನಮೂದಿಸಿದರಷ್ಟೇ ಸಾಲದು, ಅದು ನಿಜವೂ ಆಗಿರಬೇಕು. ಬಿಲ್ಲಿನಲ್ಲೊಂದು ಬರೆದು ಮೆಮೊರಿ ಕಾರ್ಡನ್ನು ಉಚಿತ ಕೊಡುಗೆಯೆಂದು ಕೈಗಿಟ್ಟರೆ ಆ ಬರಹ ರಕ್ಷಿಸುವುದಿಲ್ಲ. ಸಾಮಗ್ರಿ, ಕೂಲಿಯ ಗಂಟೆಗಳು, ವ್ಯರ್ಥವಾಗುವ ಹಲಗೆ ಮತ್ತು ಮಾರಾಟದ ನಂತರದ ದುರಸ್ತಿಗೆ ಪ್ರತ್ಯೇಕ ಬಾಬ್ತು ಇಟ್ಟು ಪ್ರತಿ ಯಂತ್ರಕ್ಕೂ ವೆಚ್ಚಪತ್ರ ಬರೆಯಿರಿ. ಇನ್ಲೇ ಮಾಡಿದ ಕುಶಲಕರ್ಮಿಯ ಸಂಭಾವನೆಯನ್ನು ಅದರಲ್ಲಿ ಬೇರೆಯಾಗಿಯೇ ತೋರಿಸಿ. ಆಗ ಗ್ರಾಹಕರು ತೆತ್ತ ಬೆಲೆಯಲ್ಲಿ ಯಾವ ಭಾಗ ಮೈಸೂರಿನ ಕೈಕೆಲಸಕ್ಕೆ ಸಂದಿತೆಂಬುದು ಅವರಿಗೂ ತಿಳಿಯುತ್ತದೆ, ನಿಮ್ಮ ಲೆಕ್ಕಪುಸ್ತಕಕ್ಕೂ ತಿಳಿಯುತ್ತದೆ.