ಪ್ರತಿಭಾವಂತ ಮಗು ಮತ್ತು ಕಾಲೇಜಿನ ಹೊಸ್ತಿಲು

ಕಲ್ಪತರು ನಾಡೆಂದು ಹೆಸರಾದ ತಿಪಟೂರಿನಲ್ಲಿ 1925ರ ಜನವರಿ 28ರಂದು ಜನಿಸಿ, ಮುಂದೆ ಭಾರತದ ಪರಮಾಣು ವಿಜ್ಞಾನದ ಧುರೀಣರಲ್ಲೊಬ್ಬರಾಗಿ, 1974ರ ಮೇ 18ರ ಪೋಖ್ರಾನ್ ಪರೀಕ್ಷಾಸ್ಫೋಟದ ಹಿಂದಿನ ಪ್ರಮುಖ ಮೇಧೆಯೆನಿಸಿದ ರಾಜಾ ರಾಮಣ್ಣನವರ ವಿದ್ಯಾಭ್ಯಾಸದ ವೃತ್ತಾಂತವನ್ನು ಅವಲೋಕಿಸಿದರೆ, ತರಗತಿಗಳನ್ನು ಲಂಘಿಸಿ ಓಡಿದ ಬಾಲಕನೊಬ್ಬನ ಕಥೆ ನಮಗಲ್ಲಿ ದೊರೆಯುವುದಿಲ್ಲ. ತಾಂಬರಂನ ಮದರಾಸು ಕ್ರಿಶ್ಚಿಯನ್ ಕಾಲೇಜಿನಿಂದ ಅವರು ಭೌತವಿಜ್ಞಾನದ ಪದವಿಯನ್ನು ಪಡೆದದ್ದು 1945ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ; ಅದು ಆ ಕಾಲಕ್ಕೆ ಸಹಜವಾದ ವಯಸ್ಸೇ ಹೊರತು ಅದ್ಭುತವಾದುದೇನಲ್ಲ. ಆದರೆ ಬಾಲ್ಯದಿಂದಲೂ ಅವರು ಪಿಯಾನೋ ವಾದನವನ್ನು ಅಷ್ಟೇ ನಿಷ್ಠೆಯಿಂದ ಸಾಧಿಸುತ್ತ ಬಂದಿದ್ದರು, ಮತ್ತು 1944ರಲ್ಲಿ ಹೋಮಿ ಭಾಭಾ ಅವರ ಪರಿಚಯವನ್ನು ದೊರಕಿಸಿಕೊಟ್ಟು ಅವರ ಜೀವನದ ದಿಕ್ಕನ್ನೇ ನಿರ್ಧರಿಸಿದ್ದು ಭೌತವಿಜ್ಞಾನವಾಗಿರದೆ ಆ ಸಂಗೀತವೇ ಆಗಿತ್ತು. ಪರೀಕ್ಷೆಗಳನ್ನು ಎರಡು ವರ್ಷ ಮೊದಲೇ ಮುಗಿಸುವ ಆತುರದಲ್ಲಿ ಆ ಪಿಯಾನೋವನ್ನು ಮುಚ್ಚಿಡಿಸಿದ್ದರೆ ಏನಾಗುತ್ತಿತ್ತೆಂಬುದನ್ನು, ಮಗುವನ್ನು ಬೇಗನೆ ಕಾಲೇಜಿಗೆ ಸೇರಿಸಬೇಕೆಂದು ಹಂಬಲಿಸುವ ಪ್ರತಿಯೊಬ್ಬ ತಂದೆತಾಯಿಯೂ ಒಂದು ಕ್ಷಣ ಆಲೋಚಿಸಬೇಕು. ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್ ಸಂಸ್ಥೆಯ ಪ್ರಥಮ ನಿರ್ದೇಶಕರು ಇದೇ ರಾಮಣ್ಣನವರು. ನಮ್ಮ ದೇಶದ ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ಪೋಷಿಸುವ ಅಧ್ಯಯನವೊಂದು ಅದೇ ಸಂಸ್ಥೆಯಲ್ಲಿ ಮುಂದೆ ರೂಪುಗೊಂಡಿತು.

ಇದರಿಂದ, ಮೇಧಾವಿ ಮಗುವನ್ನು ಎಂದಿಗೂ ಮುಂದಕ್ಕೆ ಕಳುಹಿಸಬಾರದೆಂಬ ಸಿದ್ಧಾಂತವನ್ನು ಹೊರಡಿಸುವುದು ಯುಕ್ತವಲ್ಲ. ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಮನೆಯಲ್ಲಿ ತಾಯಿಯಿಂದಲೇ ಲೆಕ್ಕವನ್ನೂ ಪುರಾಣಕಥೆಗಳನ್ನೂ ಕಲಿತು, ಆರನೆಯ ವಯಸ್ಸಿಗೆ ನೇರವಾಗಿ ಮಾಧ್ಯಮಿಕ ಶಾಲೆಯನ್ನು ಸೇರಿದರು. ತರಗತಿಯಲ್ಲಿ ಎಲ್ಲರಿಗಿಂತ ಕಿರಿಯರಾಗಿದ್ದೂ ಸಹಪಾಠಿಗಳಿಗೆ ಗಣಿತವನ್ನು ಹೇಳಿಕೊಡುತ್ತಿದ್ದರು. 1944ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಲೋಯರ್ ಸೆಕೆಂಡರಿ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ದಾಟಿದ್ದಕ್ಕೆ ತಂದೆಯಿಂದ ದೊರೆತ ಬಹುಮಾನ ನಾಲ್ಕಾಣೆ. 1951ರಲ್ಲಿ, ಹದಿನೇಳನೆಯ ವಯಸ್ಸಿಗೆ, ಅವರು ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವೀಧರರು. ಹೈಸ್ಕೂಲಿನ ಅನಂತರ ಎರಡು ವರ್ಷ ಇಂಟರ್‌ಮೀಡಿಯೆಟ್, ಮತ್ತೆರಡು ವರ್ಷ ಪದವಿ ಎಂಬುದು ಅಂದಿನ ಕ್ರಮವಾಗಿತ್ತಾದ್ದರಿಂದ, ಕಾಲೇಜಿನಲ್ಲಿ ಅವರು ಒಂದು ಮೆಟ್ಟಿಲನ್ನೂ ಹಾರಿದವರಲ್ಲ. ಅವರು ಮುಂದೆ ಹೋದದ್ದೆಲ್ಲ ಎಳೆಯ ತರಗತಿಗಳಲ್ಲಿ, ತಾಯಿಯ ಪಾಠದ ಬಲದಿಂದ. ಎಳೆತನದಲ್ಲಿ ಮುಂದೆ ಹೋದ ಮಗುವಿಗೆ ಹೊಸ ಜೊತೆಗಾರರೊಡನೆ ಬೆಳೆದು ಒಂದಾಗಲು ವರ್ಷಗಟ್ಟಲೆ ಅವಕಾಶವಿರುತ್ತದೆ. ಹದಿನಾಲ್ಕರಲ್ಲಿ ಹದಿನೆಂಟರವರ ನಡುವೆ ಕುಳಿತವನಿಗೆ ಆ ಅವಕಾಶ ಇರುವುದಿಲ್ಲ.

ಇದಕ್ಕಿಂತಲೂ ತೀವ್ರವಾದ ಉದಾಹರಣೆ ಪಾಟ್ನಾದ ತಥಾಗತ ಅವತಾರ ತುಲಸಿ ಅವರದು. ಹತ್ತನೆಯ ವಯಸ್ಸಿಗೆ ಬಿ.ಎಸ್‌ಸಿ., ಹನ್ನೆರಡಕ್ಕೆ ಎಂ.ಎಸ್‌ಸಿ. ಮುಗಿಸಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದದ್ದು ಇಪ್ಪತ್ತೊಂದರಲ್ಲಿ. ಇಪ್ಪತ್ತೊಂದೂ ಚಿಕ್ಕ ವಯಸ್ಸೇ ನಿಜ. ಆದರೆ ಪರೀಕ್ಷೆಗಳನ್ನು ವೇಗವಾಗಿ ದಾಟಬಹುದು, ಸಂಶೋಧನೆ ಮಾತ್ರ ತನ್ನ ಕಾಲವನ್ನು ತಾನು ಕೇಳಿಯೇ ತೀರುತ್ತದೆ ಎಂಬುದನ್ನು ಈ ಅಂಕಿಗಳು ಸ್ಪಷ್ಟವಾಗಿ ಹೇಳುತ್ತವೆ.

ಈಗ ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಒಂಬತ್ತನೆಯ ತರಗತಿಯನ್ನೋದುವ ಬಾಲಕಿಯೊಬ್ಬಳು ಪಿಯುಸಿಯ ಗಣಿತಪುಸ್ತಕವನ್ನು ತಾನಾಗಿಯೇ ಓದಿ ಮುಗಿಸಿದ್ದಾಳೆಂದು ಭಾವಿಸೋಣ. ಆಕೆಯ ತಂದೆಯ ಮುಂದಿರುವ ದಾರಿಗಳಾವುವು? ಪಿಯುಸಿ ಅಥವಾ ತತ್ಸಮಾನವಾದ ಪರೀಕ್ಷೆಯನ್ನು ದಾಟದೆ ಪದವಿ ಕಾಲೇಜಿಗೆ ಪ್ರವೇಶವಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ಹದಿನಾಲ್ಕು ವರ್ಷ, ಹನ್ನೆರಡನೆಯದಕ್ಕೆ ಹದಿನೈದು ವರ್ಷ ತುಂಬಿರಬೇಕು. ಆ ಮಾರ್ಗದಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೆರಡು ವರ್ಷ. ಆಕೆ ವೈದ್ಯೆಯಾಗಬೇಕೆಂದಿದ್ದರೆ ಆ ಉಳಿತಾಯವೂ ವ್ಯರ್ಥ, ಏಕೆಂದರೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬದವರಿಗೆ ನೀಟ್ ಪರೀಕ್ಷೆಯ ಬಾಗಿಲು ಮುಚ್ಚಿರುತ್ತದೆ. ಹೀಗಿರುವಾಗ ಶಾಲೆಯಿಂದ ಟಿ.ಸಿ. ತೆಗೆಸಿ, ಗೆಳತಿಯರಿಂದ ಅಗಲಿಸಿ, ಮನೆಯ ಕೋಣೆಯೊಂದರಲ್ಲಿ ಕೂಡಿಸಿ ಗಳಿಸುವ ಲಾಭವೇನೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಕಾಲೇಜನ್ನು ಸೇರುವುದು ಬೇರೆ, ಕಾಲೇಜಿನ ಪಾಠವನ್ನು ಕಲಿಯುವುದು ಬೇರೆ. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಉಪನ್ಯಾಸಗಳನ್ನಾಗಲಿ, 2017ರಿಂದ ನಡೆಯುತ್ತಿರುವ ಸ್ವಯಂ ಎಂಬ ಅಂತರ್ಜಾಲ ವೇದಿಕೆಯ ಪಾಠಗಳನ್ನಾಗಲಿ ಹಳ್ಳಿಯ ಮನೆಯ ಜಗಲಿಯಲ್ಲಿ ಕುಳಿತು ಶುಲ್ಕವಿಲ್ಲದೆ ಕೇಳಬಹುದು. ಗಣಿತದ ಒಲಿಂಪಿಯಾಡ್ ಸ್ಪರ್ಧೆಗಳು ಶಾಲಾ ವಿದ್ಯಾರ್ಥಿಗಳಿಗೆಂದೇ ಇರುವವು, ಮತ್ತು ಅವುಗಳಲ್ಲಿ ಕೇಳುವ ಪ್ರಶ್ನೆಗಳ ಆಳಕ್ಕೆ ಎಷ್ಟೋ ಪದವಿ ತರಗತಿಗಳ ಪ್ರಶ್ನೆಪತ್ರಿಕೆಗಳು ಇಳಿಯುವುದಿಲ್ಲ. ಆಸ್ಟ್ರೇಲಿಯದ ಗಣಿತಜ್ಞ ಟೆರೆನ್ಸ್ ಟಾವೋ ಅವರನ್ನು ಬೆಳೆಸಿದ ಕ್ರಮವೂ ಇಂಥದೇ: ಗಣಿತದಲ್ಲಿ ಆತ ತನ್ನ ವಯಸ್ಸಿಗೆ ಬಹು ಮೇಲಿನ ತರಗತಿಯಲ್ಲಿ ಕುಳಿತರೆ, ಉಳಿದ ವಿಷಯಗಳಲ್ಲಿ ಅಷ್ಟು ಮೇಲಕ್ಕೆ ಹೋಗುತ್ತಿರಲಿಲ್ಲ, ಒಂಬತ್ತರಲ್ಲಿಯೇ ವಿಶ್ವವಿದ್ಯಾನಿಲಯದ ಗಣಿತವನ್ನು ಕಲಿಯಲಾರಂಭಿಸಿದ್ದರೂ ಪೂರ್ಣಕಾಲಿಕ ವಿದ್ಯಾರ್ಥಿಯಾಗಲು ಇನ್ನೂ ಕೆಲವು ವರ್ಷ ಕಾದ, 1988ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಚಿನ್ನದ ಪದಕವನ್ನೂ 2006ರಲ್ಲಿ ಫೀಲ್ಡ್ಸ್ ಪದಕವನ್ನೂ ಪಡೆದ.

ವಿದ್ವಾಂಸರ ಅಭಿಪ್ರಾಯವೇನೆಂದು ಕೇಳುವವರಿಗೆ ಇಷ್ಟು ಹೇಳಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ, ಗಣಿತಪ್ರತಿಭೆಯುಳ್ಳ ಮಕ್ಕಳನ್ನು ದಶಕಗಳವರೆಗೆ ಅನುಸರಿಸಿದ ಅಧ್ಯಯನವು, ಮುಂದಿನ ತರಗತಿಗೆ ಹೋದ ಮಕ್ಕಳು ನಡುವಯಸ್ಸಿನಲ್ಲಿ ಮಾನಸಿಕವಾಗಿ ನೊಂದವರಾಗಿರಲಿಲ್ಲವೆಂದು ತೋರಿಸಿದೆ. ಬೇಗನೆ ಹೋದವರೆಲ್ಲ ಹಾಳಾಗುತ್ತಾರೆಂಬ ಭೀತಿಗೆ ಆಧಾರವಿಲ್ಲ. ಆದರೆ ಅಲ್ಲಿ ಪ್ರತಿಯೊಂದು ಮಗುವನ್ನೂ ಪರೀಕ್ಷಿಸಿಯೇ ಮುಂದೆ ಕಳುಹಿಸಲಾಗುತ್ತಿತ್ತು. ತರಗತಿ ದಾಟಿಸುವ ನಿರ್ಣಯಕ್ಕಾಗಿ ಅಯೋವಾ ವಿಶ್ವವಿದ್ಯಾನಿಲಯದವರು ರೂಪಿಸಿದ ಮಾನದಂಡದಲ್ಲಿ ಎರಡು ಸಂಗತಿಗಳು ನಮ್ಮ ಮನೆಗಳಿಗೆ ನೇರವಾಗಿ ಅನ್ವಯಿಸುತ್ತವೆ: ಮಗುವಿಗೇ ಇಷ್ಟವಿಲ್ಲದಿದ್ದರೆ ದಾಟಿಸಕೂಡದು, ಅಣ್ಣನೋ ಅಕ್ಕನೋ ಓದುತ್ತಿರುವ ತರಗತಿಗೆ ತಮ್ಮನನ್ನು ತಂದು ಕೂರಿಸಕೂಡದು. ಒಂದೇ ಸೂರಿನಡಿ ಒಬ್ಬರ ಗೌರವಕ್ಕಾಗಿ ಇನ್ನೊಬ್ಬರ ಮುಖ ಕೆಳಗಾಗುವುದು ಎಂಥ ವ್ಯಥೆಯೆಂಬುದನ್ನು ಒಡಹುಟ್ಟಿದವರೊಡನೆ ಬೆಳೆದ ಯಾರೂ ಬಲ್ಲರು.

ನಮ್ಮ ಸೀಮೆಯ ರೈತನಿಗೆ ಪರೀಕ್ಷಿಸುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಸುಮಾರು ಒಂದು ವರ್ಷ ಅಲ್ಲಿಯೇ ಒಣಗಬೇಕಾದರೂ, ವರ್ಷ ತುಂಬಿತೆಂದು ರಾಶಿಯನ್ನೆಲ್ಲ ಒಮ್ಮೆಗೇ ಸುಲಿಯಲು ಅವನು ಕೂರುವುದಿಲ್ಲ. ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ನೀರೆಲ್ಲ ಇಂಗಿ ಗಿಟುಕು ಚಿಪ್ಪನ್ನು ಬಿಟ್ಟು ಲೊಡಲೊಡನೆ ಸದ್ದು ಮಾಡಿದರೆ ಮಾತ್ರ ಕೆಳಗಿಳಿಸುತ್ತಾನೆ.

ನನಗೆ ಅತ್ಯಂತ ಆತಂಕವನ್ನುಂಟುಮಾಡುವ ಸಂಗತಿ ಪ್ರದರ್ಶನ. ನಾರ್ಬರ್ಟ್ ವೀನರ್ ಹನ್ನೊಂದನೆಯ ವಯಸ್ಸಿಗೆ ಕಾಲೇಜನ್ನು ಸೇರಿ, ಹದಿನೆಂಟಕ್ಕೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, ಕೊನೆಗೆ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರಕ್ಕೇ ಪ್ರವರ್ತಕರಾದರು. ಅಂಥವರು ಕೂಡ 1953ರಲ್ಲಿ ಬರೆದ ಆತ್ಮಕಥೆಯಲ್ಲಿ, ಮಗನ ಜಯವೆಲ್ಲ ತನ್ನ ಶಿಕ್ಷಣದ ಫಲವೆಂದು ತಂದೆ ಪತ್ರಿಕೆಗಳಲ್ಲಿ ಸಾರಿದ್ದರಿಂದ ತನಗಾದ ನೋವನ್ನು ಮರೆಯಲಾರದೆ ದಾಖಲಿಸಿದ್ದಾರೆ: ಗೆದ್ದರೆ ಕೀರ್ತಿ ತಂದೆಗೆ, ಸೋತರೆ ದೋಷ ಮಗನಿಗೆ. ಹದಿಮೂರರ ಹುಡುಗನನ್ನು ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಬಾಲವಿಜ್ಞಾನಿಯೆಂದು ಕೊಂಡಾಡುವ ಹಿರಿಯರು ಅವನಿಂದ ಒಂದು ಅಮೂಲ್ಯವಾದ ಹಕ್ಕನ್ನು, ಎಂದರೆ ತಪ್ಪು ಮಾಡಿ ಕಲಿಯುವ ಹಕ್ಕನ್ನು, ಕಸಿದುಕೊಳ್ಳುತ್ತಿರುತ್ತಾರೆ. ರಾವ್ ಅವರ ತಂದೆ ಕೊಟ್ಟ ಆ ನಾಲ್ಕಾಣೆಯ ಬಹುಮಾನದಲ್ಲಿ ಎಷ್ಟು ವಿವೇಕವಿತ್ತು!

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಓದು ಬೇಗ ಮುಗಿದರೆ ಮದುವೆಯ ಮಾತೂ ಬೇಗ ಆರಂಭವಾಗುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥಲ್ಲಿ ಉಳಿಸಿದ ಎರಡು ವರ್ಷ ಮಗಳ ಪಾಲಿಗೆ ಸೇರದೆ ಬೇರೆಯವರ ಪಾಲಾಗುತ್ತದೆ; ಆ ಎರಡು ವರ್ಷ ಅವಳ ಮುಂದಿನ ವ್ಯಾಸಂಗಕ್ಕೇ ಮೀಸಲೆಂದು ಮನೆಯವರು ಮೊದಲು ಒಪ್ಪಿಕೊಳ್ಳದ ಹೊರತು, ಯಾವ ಉಪಾಧ್ಯಾಯರೂ ಅವಳನ್ನು ಅವಸರಿಸಲು ಸಲಹೆ ಕೊಡಬಾರದೆಂದು ನನ್ನ ದೃಢವಾದ ಅಭಿಪ್ರಾಯ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ಊರುಗಳಲ್ಲಿಯೂ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿವೆ. ಅವುಗಳ ಅಧ್ಯಾಪಕರಲ್ಲಿ ಒಂದು ಬಿನ್ನಹವಿದೆ. ನೆರೆಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ, ಒಂದು ವಿಷಯದಲ್ಲಿ ಬಹಳ ಮುಂದಿರುವ ಮಗುವಿಗೆ ವಾರದಲ್ಲಿ ಒಂದು ಅಪರಾಹ್ನ ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು, ಪ್ರಯೋಗಶಾಲೆಯ ಉಪಕರಣಗಳನ್ನು ಮುಟ್ಟಿ ನೋಡಲು, ಗ್ರಂಥಾಲಯದ ಪುಸ್ತಕವನ್ನು ಮನೆಗೊಯ್ಯಲು ಅವಕಾಶ ಮಾಡಿಕೊಡಿ. ಹಾಜರಿಯೂ ಬೇಡ, ಅಂಕಪಟ್ಟಿಯೂ ಬೇಡ. ಹೀಗೆ ಒಂದು ವರ್ಷ ಕಳೆದ ಮೇಲೆ, ಮುಂದಕ್ಕೆ ಹೋಗಬೇಕೋ ಬೇಡವೋ ಎಂದು ಮೊದಲು ಆ ಮಗುವನ್ನೇ ಕೇಳಿ.